ಎರಡು ಬೋರಿಂಗು, ಒಂದೇ ಚುಕ್ಕೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಈಗೀಗ ಹೇಳಲು ಬೇಸರವಾಗುತ್ತದೆ. ಕೊಪ್ಪಳದ ಬಸ್‌ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಊರೂರಿನ ಬೋರಿಂಗುಗಳನ್ನು ಅಂಕಿ ಮಾಡುತ್ತೇನೆ. ಬೋರಿಂಗು ಎಂದರೆ ಕೈಯಿಂದ ಒತ್ತುವ ಪಂಪು. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿಲ್ಲ. ನೆಲದ ಮೇಲಿನ ಯಾವ ಜಾಗವನ್ನೂ ಎರಡು ಅಂಕಿಯಲ್ಲಿ ಹೇಳಬಹುದು, ಅಕ್ಷಾಂಶ ಒಂದು, ರೇಖಾಂಶ ಒಂದು. ನಮ್ಮ ಜಿಲ್ಲೆಯದು ಬಹುಪಾಲು ಹದಿನೈದು ಚಿಲ್ಲರೆ, ಎಪ್ಪತ್ತಾರು ಚಿಲ್ಲರೆ. ಪ್ರೋಗ್ರಾಮಿನಲ್ಲಿ ಆ ಎರಡನ್ನೂ ಒಂದು ಡಬ್ಬಿಗೆ ಹಾಕಿ, ಡಬ್ಬಿಗೆ ‘ಬಿಂದು’ ಎಂದು ಹೆಸರಿಟ್ಟರೆ ನಕ್ಷೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಬೋರಿಂಗು ಕೆಟ್ಟಿತೆಂದು ದೂರು ಬಂದಾಗ ಆ ಚುಕ್ಕೆ ರಿಪೇರಿಯವನ ಮೊಬೈಲಿಗೆ ಹೋಗುತ್ತದೆ, ಅವನು ಅದರ ಬೆನ್ನು ಹತ್ತಿ ಹೋಗುತ್ತಾನೆ.

ಒಮ್ಮೆ ಯಾರೋ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿ ಕಳಿಸಿ, ಯಲಬುರ್ಗಾ ತಾಲೂಕಿನ ಬೋರಿಂಗುಗಳೆಲ್ಲ ಉತ್ತರ ಧ್ರುವದ ಹತ್ತಿರದ ಹಿಮದ ಸಮುದ್ರದಲ್ಲಿ ಹೋಗಿ ಬಿದ್ದಿದ್ದವು. ಈ ನಕ್ಷೆಯ ಗುತ್ತಿಗೆ ಹಿಡಿದ ನಮ್ಮ ಮಾಲೀಕರು ಫೋನಿನಲ್ಲಿ, “ಬಿಡ್ರಿ ಮೇಡಂ, ಯಲಬುರ್ಗಾದವ್ರು ಒಂದ್ ಬ್ಯಾಸಗಿ ಆದ್ರೂ ತಣ್ಣಗ ಇರ್ಲಿ” ಎಂದಿದ್ದರು. ಆಗ ಇಂಥದ್ದಕ್ಕೆಲ್ಲ ನಗು ಬರುತ್ತಿತ್ತು.

ನಾನು ಮಾತು ಕಲಿತದ್ದು ಕುಕನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ, ಅಜ್ಜಿಯ ಬಾಯಿಂದ. ಅಜ್ಜಿಯ ದಾರಿ ಹೇಳುವ ರೀತಿಯಲ್ಲಿ ಅಂಕಿಯೇ ಇರಲಿಲ್ಲ. “ಬನ್ನಿಗಿಡ ದಾಟು, ಒಂದ್ ಕೂಗಳತಿ ನಡಿ, ಎಮ್ಮಿ ಕಟ್ಟ್ಯಾರ ನೋಡು, ಅವರನ್ನ ಕೇಳು.” ಕೊನೆಗೆ ಯಾರನ್ನಾದರೂ ಕೇಳಲೇಬೇಕಿತ್ತು. ಚುಕ್ಕೆ ಬಂದ ಮೇಲೆ ಕೇಳುವುದು ನಿಂತಿತು. ದಣಿವು ಉಳಿತಾಯವಾಯಿತೆಂದು ನಾನೂ ನಂಬಿದ್ದೆ.

ಹೋದ ಬೇಸಿಗೆಯ ಆರಂಭದಲ್ಲಿ ಒಬ್ಬ ಹೆಣ್ಣುಮಗಳು ನಮ್ಮ ಮೆಟ್ಟಿಲು ಹತ್ತಿ ಬಂದರು. ಹನುಮಸಾಗರದ ಆಚೆಯ ಒಂದು ಹಳ್ಳಿಯವರು, ಕೂಲಿಗೆ ಹೋಗುವವರು. ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ನನ್ನನ್ನು ಅಕ್ಕಾರ ಎಂದರು. ನಾನೂ ಅವರನ್ನು ಅಕ್ಕ ಎಂದೇ ಕರೆದೆ.

“ಬೋರಿಂಗಿನ ಆಫೀಸು ಇದೇ ಏನ್ರಿ?”

“ರಿಪೇರಿ ಇಲ್ಲಿ ಮಾಡಂಗಿಲ್ರಿ ಅಕ್ಕಾ. ಇಲ್ಲಿ ಬರೇ ನಕ್ಷಾ.”

“ರಿಪೇರಿಯವ್ರು ಅಂತಾರ, ನಕ್ಷಾದಾಗ ನಿಮ್ಮ ಬೋರಿಂಗ್ ಇಲ್ಲ, ಕೊಪ್ಪಳದಾಗ ಕೇಳ್ರಿ ಅಂತ. ಕುಷ್ಟಗಿತನಾ ಬಸ್ಸಿನಾಗ ನಿಂತು ಬಂದೀನ್ರಿ, ಅಲ್ಲಿಂದ ಇಲ್ಲಿಗೂ ನಿಂತು ಬಂದೀನಿ. ಈಗ ನೀವು ಮತ್ತ ಅಲ್ಲಿಗೆ ಕಳಸಬ್ಯಾಡ್ರಿ.”

ಕೂರಿಸಿದೆ. ಅವರ ಓಣಿಯ ಬೋರಿಂಗಿನ ಚೈನು ಹರಿದು ಹಿಡಿಕೆ ಜೋತುಬಿದ್ದಿತ್ತು. ಫೋನಿನಲ್ಲಿ ದೂರು ಕೊಟ್ಟರೆ ರಿಪೇರಿಯವನು ಬರುತ್ತಾನೆ, ಓಣಿಯವರೆಲ್ಲ ಹೊಲಕ್ಕೆ ಹೋದ ಹೊತ್ತಿಗೆ. ಸಂಜೆ ಮೊಬೈಲಿಗೆ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಮೆಸೇಜು. ಹಿಡಿಕೆ ಮಾತ್ರ ಜೋತುಬಿದ್ದಂತೆಯೇ ಇರುತ್ತದೆ. ಮತ್ತೆ ದೂರು, ಮತ್ತೆ ಅದೇ ಮೆಸೇಜು.

“ಮಗಳು ಹಡದು ಮನ್ಯಾಗ ಅದಾಳ್ರಿ ಅಕ್ಕಾರ. ಬಾಣಂತಿಗೆ ನೀರ ಹಾಕಬೇಕು, ಕೂಸಿಗೆ ಹಾಕಬೇಕು. ಕರೆಂಟ್ ಬಂದಾಗ ದೂರದ ಹೊಲದ ಬೋರಿಂದ ಹೊತ್ತು ತರಾಕತ್ತೀನಿ. ಮುಂದಿನ ತಿಂಗಳ ತೊಟ್ಲ ಇಟ್ಟೀವಿ. ಬೀಗರು ಬರ್ತಾರ. ಬಂದವ್ರಿಗೆ ಕಾಲಿಗೆ ನೀರ ಕೊಡಲಿಲ್ಲಂದ್ರ ಮಗಳು ನಾಳೆ ಆ ಮನ್ಯಾಗ ಮಾತು ಕೇಳಬೇಕಾಗ್ತೈತಿ.”

ಕಂಪ್ಯೂಟರಿನಲ್ಲಿ ಆ ಊರು ತೆರೆದೆ. ಶಾಲೆಯ ಹತ್ತಿರ ಒಂದು ಚುಕ್ಕೆ, ಹಸಿರು ಬಣ್ಣ. ಹಸಿರೆಂದರೆ ನೀರು ಬರುತ್ತಿದೆ ಎಂದು. ಅಕ್ಕ ಬಗ್ಗಿ ನೋಡಿದರು.

“ಇದು ಮ್ಯಾಲಿನ ಓಣೀದ್ರಿ. ನಮ್ದು ಎಲ್ಲೈತಿ?”

“ಒಂದೇ ತೋರಿಸ್ತೈತಲ್ರಿ.”

“ಎರಡು ಅದಾವ್ರಿ. ನಾ ಮದಿವ್ಯಾಗಿ ಆ ಊರಿಗೆ ಬಂದಾಗಿಂದ ಎರಡೇ ಅದಾವ.”

ಮರುದಿನ ಹೋಗಿ ನೋಡಿದೆ. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ, ಹನುಮಸಾಗರದಲ್ಲಿ ಮತ್ತೊಮ್ಮೆ ಬದಲಿಸಿ, ಊರು ಸೇರುವಷ್ಟರಲ್ಲಿ ಬಿಸಿಲು ತಲೆಯ ಮೇಲೆ ಬಂದಿತ್ತು. ಅಕ್ಕ ಬಸ್ಸಿಳಿಯುವಲ್ಲಿ ಕಾದಿದ್ದರು. ಶಾಲೆಯ ಗೋಡೆಯ ಈಚೆಗೆ ಮೇಲಿನ ಓಣಿಯ ಬೋರಿಂಗು, ಆಚೆಗೆ ಅಕ್ಕನ ಓಣಿಯದು. ಒಂದರ ಹಿಡಿಕೆಯ ಕಿರುಗುಟ್ಟುವಿಕೆ ಇನ್ನೊಂದರ ಹತ್ತಿರ ನಿಂತವರಿಗೆ ಕೇಳುತ್ತದೆ, ಅಷ್ಟು ಹತ್ತಿರ. ಚುಕ್ಕೆ ಹಿಡಿದು ಬಂದವನಿಗೆ ಮೊದಲು ಸಿಗುವುದು ಈಚೆಯದು. ಅವನು ಒತ್ತುತ್ತಾನೆ, ನೀರು ಬರುತ್ತದೆ, ಫೋಟೊ ತೆಗೆಯುತ್ತಾನೆ, ಹೋಗುತ್ತಾನೆ. ಅವನದೂ ತಪ್ಪೆನ್ನಲಾರೆ.

ಈಚೆಯ ಬೋರಿಂಗಿನಲ್ಲಿ ಒಬ್ಬ ಹೆಂಗಸು ಕೊಡ ತುಂಬುತ್ತಿದ್ದರು. ನಾನು ಅವರಿಗೆ ಕೇಳುವಂತೆಯೇ ಅಕ್ಕನಿಗೆ, “ಅದು ರಿಪೇರಿ ಆಗೂತನಾ ಇಲ್ಲೇ ತುಂಬ್ಕೊಂಡ್ರ ಆಗಂಗಿಲ್ಲೇನ್ರಿ?” ಎಂದೆ.

ಹೆಂಗಸು ಕೊಡದ ಮೇಲಿನ ಕಣ್ಣು ತೆಗೆಯಲಿಲ್ಲ. “ನಾವೇನ್ ಬ್ಯಾಡ ಅಂದೀವೇನ್ರಿ?” ಎಂದು ಒತ್ತುತ್ತಲೇ ಇದ್ದರು.

ಅಕ್ಕ ಮುಂದೆ ನಡೆದರು. ಗೋಡೆಯ ಮೂಲೆ ತಿರುಗಿದ ಮೇಲೆ ಹೇಳಿದರು: “ಬ್ಯಾಡ ಅಂತ ಈಗ ಯಾರೂ ಅನ್ನಂಗಿಲ್ರಿ. ಬರ್ರಿ ಅಂತನೂ ಯಾರೂ ಅನ್ನಂಗಿಲ್ಲ.”

ಈ ಸೀಮೆಯಲ್ಲಿ ಹುಟ್ಟಿದ ಯಾರಿಗೇ ಆಗಲಿ, ಒಂದು ಗೋಡೆಗೆ ಎರಡು ಬೋರಿಂಗು ಯಾಕೆ ಕೊರೆಸುತ್ತಾರೆಂದು ಹೇಳಿಕೊಡಬೇಕಿಲ್ಲ. ಕೇಳುವ ಮೊದಲೇ ಉತ್ತರ ನನಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ.

ಜೋತುಬಿದ್ದ ಹಿಡಿಕೆಯ ಪಕ್ಕ ನಿಂತು ನನ್ನ ಮೊಬೈಲಿನಲ್ಲಿ ಆ ಜಾಗದ ಅಂಕಿ ತೆಗೆದುಕೊಂಡೆ. ಕೊಪ್ಪಳಕ್ಕೆ ಬಂದು ಎರಡನೆಯ ಚುಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅದು ಇರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಮಾಯ.

ಹುಡುಕಿದ ಮೇಲೆ ತಿಳಿಯಿತು. ನಮ್ಮ ಚುಕ್ಕೆಗಳೆಲ್ಲ ಪ್ರತಿ ಸಂಜೆ ಮೇಲಿನ ಕಚೇರಿಯ ದೊಡ್ಡ ಪ್ರೋಗ್ರಾಮಿಗೆ ಹೋಗುತ್ತವೆ. ಅದರಲ್ಲೊಂದು ನಿಯಮ: ಎರಡು ಬಿಂದುಗಳು ಇಷ್ಟಕ್ಕಿಂತ ಹತ್ತಿರ ಇದ್ದರೆ ಅವು ಒಂದೇ, ಒಂದನ್ನು ತೆಗೆದುಹಾಕು. ಡಬ್ಬಿಯೊಳಗಿನ ಅಂಕಿ ಬಿಟ್ಟರೆ ಪ್ರೋಗ್ರಾಮಿಗೆ ಬೇರೇನೂ ಕಾಣುವುದಿಲ್ಲ. ಯಾವ ಹತ್ತರ ನೋಟಾದರೂ ಹತ್ತೇ ಎನ್ನುವ ಹಾಗೆ, ಅಂಕಿ ಹೆಚ್ಚುಕಡಿಮೆ ಒಂದೇ ಆದರೆ ವಸ್ತುವೂ ಒಂದೇ ಎನ್ನುತ್ತದೆ. ನಿಯಮ ಸುಮ್ಮನೆ ಬಂದದ್ದೂ ಅಲ್ಲ. ಸರ್ವೆಗೆ ಹೋಗಿ, ಗಿಡದ ನೆರಳಲ್ಲಿ ಕೂತು ಒಂದೇ ಬೋರಿಂಗನ್ನು ಮೂರು ಸಲ ಕಳಿಸಿದ ಮಂದಿ ಇದ್ದರು.

ಮಾಲೀಕರಿಗೆ ಫೋನ್ ಮಾಡಿದೆ. ಅವರು ಗಂಗಾವತಿಯಲ್ಲಿ, ಒಂದು ರೈಸ್ ಮಿಲ್ಲಿನ ಪಕ್ಕದ ಕಟ್ಟಡದಲ್ಲಿ ಕೂರುತ್ತಾರೆ. ಕಾಲುವೆ ನೀರಿನ ಊರಿನವರು. ಅವರ ಮಾತಿನ ಹಿಂದೆ ಸದಾ ಮಿಲ್ಲಿನ ಸದ್ದು.

“ಅಷ್ಟು ಸಮೀಪ ಎರಡು ಬೋರಿಂಗ್ ಯಾರು ಕೊರಸ್ತಾರ್ರಿ ಮೇಡಂ?”

“ಯಾಕ ಕೊರಸ್ಯಾರಂತ ನಿಮಗ ಗೊತ್ತಿಲ್ಲೇನ್ರಿ ಸರ್?”

ಮಿಲ್ಲಿನ ಸದ್ದು ಕಡಿಮೆಯಾಯಿತು, ಅವರು ಬಾಗಿಲು ಹಾಕಿಕೊಂಡಿರಬೇಕು.

“ಗೊತ್ತೈತ್ರಿ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ, ಮ್ಯಾಲಿನವ್ರಿಗೂ ಗೊತ್ತಿರಬೇಕು. ಆದ್ರ ಆ ಕಾರಣ ತುಂಬಾಕ ಕಾಲಂ ಇಲ್ಲ.”

“ಕಾರಣ ಬ್ಯಾಡ್ರಿ. ಒಂದೊಂದು ಬೋರಿಂಗಿಗೆ ಒಂದೊಂದು ನಂಬರ್ ಕೊಡ್ಲಿ. ಜಾಗ ನೋಡಿ ಒಂದೇ ಅನ್ನೂದು ಬಿಡ್ಲಿ. ಅವಳಿ ಕೂಸು ಒಂದೇ ತೊಟ್ಲಾಗ ಮಲಗಿದ್ರ ಕೂಸು ಒಂದೇ ಅಂತಾರೇನ್ರಿ?”

“ನೀವು ಯಾವಾಗ್ಲೂ ಹೇಳ್ತಿರ್ತೀರಲ್ಲ, ಆ ನಿಮ್ಮ ಅಜ್ಜಿ ಮಾತಾಡಿದಂಗ ಆತು,” ಎಂದು ನಕ್ಕರು. ಆಮೇಲೆ ದನಿ ಇಳಿಸಿ, “ಬರೀರಿ, ಕಳಸೋಣು. ಆದ್ರ ನಿಯಮ ಬದಲಿಸೂದು ಅಂದ್ರ ಮಳಿಗಾಲ ದಾಟ್ತೈತಿ. ನಮ್ಮ ಕೈಯಾಗಿಲ್ರಿ ಅದು” ಎಂದರು.

ಬರೆದು ಕಳಿಸಿದೆ. ತೊಟ್ಟಿಲು ಮಳೆಗಾಲಕ್ಕೆ ಕಾಯುವುದಿಲ್ಲವಲ್ಲ. ಅಕ್ಕನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ: ನಿಮ್ಮ ಬೋರಿಂಗು ಮೇಲಿನ ಓಣಿಯದಕ್ಕೆ ತೀರಾ ಹತ್ತಿರವಿದೆ, ಅದಕ್ಕೇ ಮಿಶನ್ನು ಎರಡನ್ನೂ ಒಂದು ಮಾಡುತ್ತಿದೆ.

ಅಕ್ಕ ಕೇಳಿದರು: “ಎಷ್ಟು ದೂರ ಇದ್ರ ಬ್ಯಾರೆ ಅಂತೈತ್ರಿ ಅದು?”

“ಈಗ ನಿಮ್ಮ ಓಣಿ ದಾಟಿದ ಮ್ಯಾಲೆ ಜೋಳದ ಹೊಲ ಐತಲ್ರಿ, ಅಷ್ಟು.”

“ಹಂಗಾರ ಅಲ್ಲೇ ಇಡ್ರಿ.”

“ಅಲ್ಲಿ ಬೋರಿಂಗ್ ಇಲ್ಲಲ್ರಿ ಅಕ್ಕಾ.”

“ಇಲ್ಲದಿದ್ರ ಇಲ್ಲದಿರ್ಲಿ. ನಮ್ಮನ್ನ ಊರ ಹೊರಗ ಇಟ್ರ ನಡೀತೈತಿ ಅಂದ್ರ ಇಡ್ರಿ. ನಮಗದು ರೂಢಿ ಐತಿ.” ನಕ್ಕರು. ನಿಜವಾಗಿಯೂ ತಮಾಷೆಗೇ ಅಂದದ್ದು. ನನಗೆ ಜೊತೆಯಲ್ಲಿ ನಗಲು ಆಗಲಿಲ್ಲ.

ಆ ಮಧ್ಯಾಹ್ನ ಆ ಊರಿನ ನಕ್ಷೆ ಮತ್ತೆ ತೆರೆದೆ. ಬೇರೆ ಯಾರಾದರೂ ಹೀಗೆ ಸುಳ್ಳು ಜಾಗ ಹಾಕಿದ್ದರೆ ನಾನೇ ಅಳಿಸುತ್ತಿದ್ದೆ. ಅದಕ್ಕೇ ನನಗೆ ಸಂಬಳ. ದಶಾಂಶದ ಕೊನೆಯ ಕಡೆಯ ಅಂಕಿಗಳನ್ನು ಬದಲಿಸಿದೆ. ಚುಕ್ಕೆ ಶಾಲೆಯ ಗೋಡೆ ಬಿಟ್ಟಿತು, ಓಣಿಯ ಕೊನೆಯ ಮನೆ ದಾಟಿತು, ಕೊಯ್ಲಾದ ಹೊಲದಲ್ಲಿ ಹೋಗಿ ನಿಂತಿತು. ಒಂದು ಓಣಿಯನ್ನು ಊರಾಚೆ ಹಾಕಲು ಎಷ್ಟು ಸ್ವಲ್ಪ ಕೆಲಸ ಸಾಕಾಗುತ್ತದೆ ನೋಡಿ. ಬೆಳಿಗ್ಗೆ ಬಂದು ನೋಡಿದೆ, ಚುಕ್ಕೆ ಉಳಿದಿತ್ತು. ಅದರ ಮೇಲೆಯೇ ದೂರು ಹಾಕಿದೆ.

ರಿಪೇರಿಯವನು ಹೋದ ದಿನ ಹೊಲದ ನಡುವೆ ನಿಂತು ನನಗೇ ಫೋನ್ ಮಾಡಿದ. “ಮೇಡಂ, ಇಲ್ಲಿ ಬರೇ ಜೋಳ ಕೊಯ್ದ ಕೂಳಿ ಅದಾವ್ರಿ. ಬೋರಿಂಗ್ ಎಲ್ಲೈತಿ? ಬಿಸಲಾಗ ನಮ್ಮ ಕೂಡ ಆಟ ಆಡ್ತೀರೇನ್ರಿ?”

“ಅಲ್ಲೇ ನಿಂದರ್ರಿ. ಒಬ್ರು ಬರಾಕತ್ತ್ಯಾರ.”

ಅಕ್ಕ ಅಂದು ಕೂಲಿ ಬಿಟ್ಟು ಕಾದಿದ್ದರು. ಹೊಲಕ್ಕೆ ಹೋಗಿ ಅವನನ್ನು ಶಾಲೆಯ ದಾರಿಯಲ್ಲಿ ಅಲ್ಲ, ತಮ್ಮ ಓಣಿಯೊಳಗಿಂದ ಕರೆತಂದರಂತೆ. ಚೈನು ಜೋಡಿಸಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ತೊಟ್ಟಿಲಿನ ದಿನ ಫೋನ್ ಬಂತು. ಹಿಂದೆ ಹೆಂಗಸರ ಗದ್ದಲ, ಕೂಸಿನ ಅಳು.

“ಬೀಗರಿಗೆ ಕಾಲಿಗೆ ನೀರ ಕೊಟ್ವಿ ನೋಡ್ರಿ ಅಕ್ಕಾರ. ಒಬ್ಬೊಬ್ಬರಿಗೆ ತುಂಬಿದ ಚರಿಗಿ.” ಆಮೇಲೆ, “ಇನ್ನ ನಮ್ಮ ಬೋರಿಂಗ್ ಊರಾಗ ತರ್ರಿ ಮತ್ತ. ಕೆಲಸ ಆತಲ್ಲ” ಎಂದರು.

ತಂದರೆ ಅಂದು ಸಂಜೆಯೇ ಅದು ಮತ್ತೆ ಅಳಿಸಿಹೋಗುತ್ತದೆ, ಮುಂದೆ ಚೈನು ಹರಿದರೆ ಯಾರೂ ಬರುವುದಿಲ್ಲ ಎಂದು ಹೇಳಬೇಕಾಯಿತು. ಹೇಳಿದೆ.

“ಹಂಗೇನ್ರಿ,” ಎಂದರು ಅಕ್ಕ. “ಹಂಗಾದ್ರ ಬ್ಯಾಡ ಬಿಡ್ರಿ. ಅಲ್ಲೇ ಇರ್ಲಿ.” ಯಾರೋ ಕೂಗಿದರು, ಫೋನ್ ಇಟ್ಟರು.

ಮಳೆಗಾಲ ಬಂದು ಹೋಯಿತು. ನಾನು ಬರೆದು ಕಳಿಸಿದ್ದಕ್ಕೆ ಉತ್ತರ ಬಂದಿಲ್ಲ. ಮಾಲೀಕರನ್ನು ಕೇಳುವುದನ್ನೂ ಈಚೆಗೆ ಬಿಟ್ಟಿದ್ದೇನೆ. ನಕ್ಷೆಯಲ್ಲಿ ಆ ಊರು ತೆರೆದಾಗೊಮ್ಮೆ ಚುಕ್ಕೆ ಹೊಲದಲ್ಲಿ ಒಂಟಿಯಾಗಿ ನಿಂತಿರುತ್ತದೆ, ಹಸಿರು ಬಣ್ಣದಲ್ಲಿ. ನೀರು ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಮುಂದಿನ ಊರು ತೆರೆಯುತ್ತೇನೆ.