ಹಾಡು ಬಿಟ್ಟು ನಡುವಿನದನ್ನು ಹಾಡುವವಳು

ನನ್ನ ಮೊಮ್ಮಗಳಿಗೆ ಸೋಲೋ ಸಿಕ್ಕಿದೆ! ಬರುವ ಭಾನುವಾರದ ಕಛೇರಿಯಲ್ಲಿ, ಅಷ್ಟು ಜನರ ಮುಂದೆ, ಉಳಿದ ವಾದ್ಯದವರೆಲ್ಲ ಸುಮ್ಮನೆ ಕೂತಿರುವಾಗ ನಮ್ಮ ರಕ್ಷಿತಾ ಒಬ್ಬಳೇ ಎದ್ದು ನಿಂತು ಕ್ಲಾರಿನೆಟ್ ನುಡಿಸುತ್ತಾಳೆ. ಮೇಟಗಳ್ಳಿಯ ನಮ್ಮ ಬೀದಿಯವರಿಗೆಲ್ಲ ಹೇಳಿ ಆಯಿತು. ಹಾಲಿನ ಅಂಗಡಿಯವನಿಗಂತೂ ಎರಡು ಸಲ ಹೇಳಿದೆ.

ಆದರೆ ಬೆಳಗ್ಗೆ ಫೋನಿನಲ್ಲಿ ಈ ಸುದ್ದಿ ಕೇಳಿದಾಗ ನಾನು ಅತ್ತೇಬಿಟ್ಟೆ. ಸಂತೋಷಕ್ಕಲ್ಲ. "ಅಜ್ಜೀ, ಸೋಲೋ ಕಣಜ್ಜೀ, ನಂಗೇ ಸೋಲೋ!" ಎಂದು ಅವಳು ಕಿರುಚಿದಳು. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ಗೊತ್ತಿರುವ ಸೋಲು ಒಂದೇ.

"ಓಗ್ಲಿ ಬುಡು ಮಗ, ಸೋತ್ರೆ ಸೋತೆ. ಬಾಯಿನ ಮುಂದ್ಲಲ್ಲು ಮುರ್ಕೊಂಡೂ ಇಷ್ಟು ಊದ್ದೆಯಲ್ಲ, ಅದೇ ದೊಡ್ದು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಆ ಕಡೆಯಿಂದ ನಗು. "ಅಯ್ಯೋ ಅಜ್ಜಿ, ಸೋಲಲ್ಲ, ಸೋಲೋ! ಅಂದ್ರೆ ಒಬ್ಳೇ ನುಡ್ಸೋದು!"

"ಅದಕ್ಯಾಕೆ ಸೋಲೋ ಅಂತ ಎಸರಿಟ್ರು? ಗೆಲ್ಲೋ ಅಂತ ಇಡಕ್ಕೇನಾಗಿತ್ತು ಅವ್ರಿಗೆ!"

ಈ ಹುಡುಗಿಯ ಕಿವಿಯೇ ಬೇರೆ. ಸಣ್ಣದರಲ್ಲಿ ಟಿವಿಯಲ್ಲಿ ಸಿನಿಮಾ ಹಾಡು ಬಂದರೆ, ಹಾಡುವವರು ಹಾಡುವಷ್ಟು ಹೊತ್ತು ಅವಳು ಚಮಚ ಚೀಪುತ್ತ ಕೂತಿರುತ್ತಿದ್ದಳು. ಅವರು ಬಾಯಿ ಮುಚ್ಚಿ, ನಡುವೆ ಬರೀ ವಾದ್ಯ ಶುರುವಾಯಿತೋ, ತಟ್ಟನೆ ತಲೆ ಎತ್ತುತ್ತಿದ್ದಳು. ಮಾತು ಬಂದ ಮೇಲೂ ಅಷ್ಟೆ. "ಟರರ ರೀ ರೀ" ಎಂದು ನಡುವಿನದನ್ನು ಮಾತ್ರ ಹಾಡುವಳು. ಸಾಹಿತ್ಯ ಬರುವ ಜಾಗದಲ್ಲಿ ಸುಮ್ಮನಾಗಿ ಕಾಯುವಳು. ಮತ್ತೆ "ಟರರ ರೀ ರೀ". ನನ್ನ ಮಗ ಮಾದೇವ, ಅಂದರೆ ಅವಳಪ್ಪ, "ಇದೇನವ್ವಾ, ಬಾಳೆಹಣ್ಣು ಬುಟ್ಟು ಸಿಪ್ಪೆ ತಿಂತಾಳಲ್ಲ ಇವ್ಳು!" ಎಂದು ನಗುತ್ತಿದ್ದ.

ಸ್ಕೂಲ್ ಡೇ ದಿನ ಟೀಚರು ಇವಳನ್ನು ಹಾಡಲು ನಿಲ್ಲಿಸಿದರು. ಹೊಸ ಲಂಗ, ತಲೆ ತುಂಬ ಕನಕಾಂಬರ. ಮೈಕಿನ ಮುಂದೆ ನಿಂತು ಮೊದಲ ವಾದ್ಯದ ಭಾಗವನ್ನು ಬಾಯಲ್ಲೇ ಹಾಡಿದಳು. ಆಮೇಲೆ ಸುಮ್ಮನೆ ನಿಂತಳು. ಮರೆತುಹೋಯಿತೆಂದು ಟೀಚರು ಕೆಳಗಿನಿಂದ ಮಾತು ಹೇಳಿಕೊಟ್ಟರು. ಇವಳು ಜಗ್ಗಲಿಲ್ಲ. ಪಲ್ಲವಿ ಮುಗಿಯುವಷ್ಟು ಹೊತ್ತು ಕಾದು ಮುಂದಿನ "ಟರರ ರೀ ರೀ" ಎತ್ತಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಕೆಳಗಿಳಿದು ಬಂದು ನನ್ನ ಸೆರಗು ಹಿಡಿದು ಕೇಳಿದಳು:

"ಯಾಕಜ್ಜಿ ನಕ್ರು? ಸರಿಯಾಗೇ ಆಡ್ದೆನಲ್ಲ?"

"ಮಾತೆಲ್ಲಿ ಮಗ?"

"ಮಾತು ಎಲ್ರಿಗೂ ಗೊತ್ತಲ್ಲಜ್ಜಿ."

ಜಾರಿದ್ದ ಕನಕಾಂಬರವನ್ನು ಮತ್ತೆ ಮುಡಿಸಿ ಮನೆಗೆ ಕರೆದುಕೊಂಡು ಬಂದೆ.

ಆಗ ನಾನು ಯಾದವಗಿರಿಯಲ್ಲಿ ಮನೆಮನೆಗೆ ಹೂವು ಮಾರುತ್ತಿದ್ದೆ. ಬೇಸಿಗೆ ರಜದಲ್ಲಿ ಇವಳೂ ಹಿಂದೆ ಬರುತ್ತಿದ್ದಳು. ಒಂದು ಬಂಗಲೆಯ ಹಿತ್ತಲಿನ ಔಟ್‌ಹೌಸಿನಲ್ಲಿ ನಿವೃತ್ತರಾದ ಬ್ಯಾಂಡ್ ಮೇಷ್ಟ್ರೊಬ್ಬರು ಇದ್ದರು. ಲುಂಗಿ ಉಟ್ಟು, ಸ್ಟೂಲಿನ ಮೇಲೆ ಕೂತು ಕ್ಲಾರಿನೆಟ್ ನುಡಿಸುತ್ತಿದ್ದರು. ಇವಳು ಗೇಟಿಗೆ ಅಂಟಿಕೊಂಡುಬಿಟ್ಟಳು. ಎಳೆದರೂ ಬರಲಿಲ್ಲ, ಗದರಿದರೂ ಬರಲಿಲ್ಲ. ಬುಟ್ಟಿಯ ಮಲ್ಲಿಗೆ ಬಾಡುತ್ತಿತ್ತು.

"ಏನು ಬೇಕಮ್ಮ?" ಎಂದರು ಮೇಷ್ಟ್ರು.

"ಇನ್ನೊಂದ್ಸಲ" ಎಂದಳು.

ಅವರು ನುಡಿಸಿದರು. "ಇನ್ನೊಂದ್ಸಲ." ಮತ್ತೆ ನುಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹೂವಮ್ಮ, ಈ ಮಗೂನ ರಜಾ ಮುಗಿಯೋವರ್ಗೂ ದಿನಾ ಕಳ್ಸಿ" ಎಂದರು.

"ಹೆಣ್ಮಗು ಪೀಪಿ ಊದೋದಾ ಸ್ವಾಮಿ?"

"ಪೀಪಿ ಅಲ್ಲ ಕಣಮ್ಮ, ಕ್ಲಾರಿನೆಟ್ಟು."

"ಎರಡೂ ಊದೋದೇ ತಾನೆ!" ಎಂದೆ. ಆದರೂ ಕಳಿಸಿದೆ. ರಜ ಮುಗಿದರೂ ಹೋಗುವುದು ನಿಲ್ಲಲಿಲ್ಲ. ಮೇಷ್ಟ್ರೇ ತಮ್ಮ ಹಳೆಯ ವಾದ್ಯವೊಂದನ್ನು ಮನೆಗೆ ಕೊಟ್ಟು ಕಳಿಸಿದರು. ಮೊದಮೊದಲು ಮನೆಯಲ್ಲಿ ಬಾತುಕೋಳಿ ಸಾಕಿದ ಹಾಗಿತ್ತು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಯಾರಿಗ್ರೀ ಉಷಾರಿಲ್ಲ?" ಎಂದು ಕೇಳಿದ್ದೂ ಉಂಟು. ನಿಧಾನಕ್ಕೆ ಬಾತುಕೋಳಿ ಹೋಗಿ ಸ್ವರ ಬಂತು. ಬೀದಿಯಲ್ಲಿ ಹೋಗುವವರು ನಿಂತು ಕೇಳುವ ಹಾಗಾಯಿತು.

ಕಾಲೇಜಿಗೆ ಹೋಗುವ ವಯಸ್ಸಿಗೆ ಕಿವಿ ಇನ್ನೊಂದು ದಾರಿ ಹಿಡಿಯಿತು. ನನ್ನ ಸೊಸೆ ಲತಾ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶದವರ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಅಲ್ಲಿದ್ದ ಹುಡುಗಿಯೊಬ್ಬಳು ಊರಿಗೆ ಹೊರಡುವಾಗ ತನ್ನ ಹೆಡ್‌ಫೋನನ್ನು ರಕ್ಷಿತಾಳಿಗೆ ಕೊಟ್ಟು, ಒಂದಷ್ಟು ಹಾಡುಗಳನ್ನೂ ಫೋನಿಗೆ ತುಂಬಿಕೊಟ್ಟಳು. ಇವಳು ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ. ಒಂದು ದಿನ ಕಿತ್ತುಕೊಂಡು ನನ್ನ ಕಿವಿಗಿಟ್ಟುಕೊಂಡೆ.

"ಏನೇ ಇದು, ಕಬ್ಬಿಣದಂಗ್ಡೀಲಿ ಜಗಳ ಬಿದ್ದಂಗದೆ!"

"ಕೂಗೋದ್ನ ಬುಟ್ಬುಡು ಅಜ್ಜಿ. ಡ್ರಮ್ಸ್ ಒಂದೇ ಕೇಳು. ಒಬ್ನೇ ಮನುಷ್ಯ. ಕೈ ಒಂದು ದಾರಿ, ಕಾಲು ಒಂದು ದಾರಿ."

ಕಣ್ಣು ಮುಚ್ಚಿ ಕೇಳಿದೆ. ಹೌದು! ಜಗಳದ ಒಳಗೊಂದು ಲೆಕ್ಕ ಇತ್ತು. ನಮ್ಮೂರಿನ ತಮಟೆಯವರ ನಡೆಯ ಹಾಗೆಯೇ. ಹಾಗೆಂದೆ. ಅವಳು ಕುಣಿದಾಡಿದಳು. ಅಂದಿನಿಂದ ಬೀದಿಯಲ್ಲಿ ತಮಟೆ ಸದ್ದು ಕೇಳಿದರೆ ಸಾಕು, ಮದುವೆಯೋ ಸಾವೋ ನೋಡದೆ ಗೇಟಿಗೆ ಓಡುತ್ತಿದ್ದಳು. "ಎಣ ಓಗೋವಾಗ ಕುಣೀಬ್ಯಾಡ ಕಣೇ" ಎಂದು ನಾನೇ ರಟ್ಟೆ ಹಿಡಿದು ಒಳಗೆಳೆಯಬೇಕಾಗುತ್ತಿತ್ತು.

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಿಧಾನದ ಸಂಗೀತದ ಹುಚ್ಚು ಹಿಡಿಯಿತು. ಸಾಯಂಕಾಲ ಬಂದು ಪಿಟೀಲಿನ ಆಲಾಪನೆ ಹಾಕಿಕೊಂಡು ಗೋಡೆಗೊರಗಿ ಕೂತರೆ ಮುಗಿಯಿತು. ಲತಾ ಅಡುಗೆಮನೆಯಿಂದ, "ಲೇ, ಆ ರಾಗ ಇನ್ನೂ ಒಸ್ಲು ದಾಟಿಲ್ವಾ? ಸಾರು ಕುದ್ದಾಯ್ತು!" ಎಂದು ಕೂಗುತ್ತಿದ್ದಳು. ಆದರೂ ಪಿಟೀಲು ಬಂತೆಂದು ಡ್ರಮ್ಸನ್ನು ಬಿಡಲಿಲ್ಲ, ಡ್ರಮ್ಸ್ ಬಂತೆಂದು ಸಿನಿಮಾ ಹಾಡನ್ನು ಬಿಟ್ಟಿರಲಿಲ್ಲ. ಹಳೆ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುವವರ ಪೈಕಿ ಅಲ್ಲ ನನ್ನ ಮೊಮ್ಮಗಳು. ಅವಳಿಗೆ ಎಲ್ಲವೂ ಬೇಕು. ಮಾತೊಂದನ್ನು ಬಿಟ್ಟು.

ಹೋದ ವರ್ಷ ಆ ಗ್ರಹಚಾರ ಬಂತು. ಮೇಷ್ಟ್ರು ಕಟ್ಟಿರುವ ವಾದ್ಯ ತಂಡದ ಅಭ್ಯಾಸ ಮುಗಿಸಿ ಅವಳು ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದಳು. ರಸ್ತೆಯಲ್ಲಿ ಮರಳು ಚೆಲ್ಲಿತ್ತು. ಸ್ಕೂಟರ್ ಜಾರಿತು. ಮಾದೇವನಿಗೆ ಮೊಣಕೈ ತರಚಿತು, ಅಷ್ಟೆ. ಇವಳಿಗೆ ಮೇಲಿನ ಮುಂದಿನ ಹಲ್ಲು ಮುರಿಯಿತು, ಅದರ ಪಕ್ಕದ್ದು ಅಲ್ಲಾಡಿತು.

ಕ್ಲಾರಿನೆಟ್ಟಿನ ಬಾಯನ್ನು ಆ ಹಲ್ಲಿನ ಆಸರೆಯಲ್ಲೇ ಹಿಡಿಯಬೇಕಂತೆ. ನಮಗೇನು ಗೊತ್ತು! ಹಲ್ಲಿನ ಡಾಕ್ಟರು, "ಹಲ್ಲು ಕಟ್ಟಿ ಕೊಡ್ತೀನಿ. ಆದ್ರೆ ಮೊದಲಿನ ಹಾಗೆ ಊದೋಕಾಗುತ್ತಾ ಅಂತ ಈಗ್ಲೇ ಹೇಳಕ್ಕಾಗಲ್ಲಮ್ಮ" ಎಂದರು. ಇವಳು ಮನೆಗೆ ಬಂದು ವಾದ್ಯದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದಳು. ಹೆಡ್‌ಫೋನನ್ನೂ ಅದರ ಜೊತೆಗಿಟ್ಟಳು. ಮಾದೇವ ಸ್ಕೂಟರಿಗೆ ಟಾರ್ಪಾಲು ಹೊದಿಸಿ, ಹೆಬ್ಬಾಳದ ಫ್ಯಾಕ್ಟರಿಗೆ ಬಸ್ಸಿನಲ್ಲಿ ಹೋಗತೊಡಗಿದ. ಮಗಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ. ಮೇಷ್ಟ್ರು ಒಮ್ಮೆ ಬಂದರು, ಕಾಫಿ ಕುಡಿದರು, ಎದ್ದು ಹೋದರು. ಮನೆಯಲ್ಲಿ ಸೌಟಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ.

ನನಗೂ ಹಲ್ಲಿಲ್ಲ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿನ್ನುತ್ತೇನೆ. ಒಂದು ಮಧ್ಯಾಹ್ನ ಕುಟ್ಟುತ್ತ ಕುಟ್ಟುತ್ತ, ಹುಡುಗಿಯಾಗಿದ್ದಾಗ ಗದ್ದೆಯಲ್ಲಿ ನಾಟಿ ಹಾಕುವಾಗ ಹಾಡುತ್ತಿದ್ದ ಪದವೊಂದನ್ನು ಗುನುಗುತ್ತಿದ್ದೆ. ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗಿದಳು.

"ಅದೇನಜ್ಜಿ ಅದು, ಮಾತು?"

ಹುಟ್ಟಿದಾಗಿನಿಂದ ಈ ಹುಡುಗಿ ಹಾಡಿನ ಮಾತನ್ನು ಕೇಳಿದವಳಲ್ಲ! ಕುಟ್ಟಾಣಿಯನ್ನು ಪಕ್ಕಕ್ಕಿಟ್ಟು ಬಿಡಿಸಿ ಹೇಳಿದೆ.

"ಒಳೆಯಾಚೆ ಊವ ಕುಯ್ಯೋಳೆ, ನಿನ್ನ ಮಡ್ಲು ತುಂಬಿತೇನೇ, ಮನಸು ತುಂಬಿತೇನೇ?"

"ಇನ್ನೊಂದ್ಸಲ" ಎಂದಳು.

ಅಲ್ಲಿಂದ ದಿನಾ ಮಧ್ಯಾಹ್ನ ನಾನು ಹಾಡುವುದು, ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹಿಂದೆಯೇ ಹೇಳುವುದು. ಸಿನಿಮಾ ಹಾಡುಗಳ ಮಾತಿಗೂ ಅರ್ಥವಿದೆ ಎಂದು ಅವಳಿಗೆ ಆಗ ಗೊತ್ತಾಯಿತು! "ಅಜ್ಜಿ, ಈ ಆಡ್ನಲ್ಲಿ ಅವನು ಅಳ್ತಾ ಅವ್ನೆ ಕಣಜ್ಜಿ. ನಾನು ಇಷ್ಟು ವರ್ಷ ಕುಶಿ ಆಡು ಅಂದ್ಕಂಡಿದ್ದೆ" ಎಂದು ಬೆರಗಾಗಿ ಹೇಳುತ್ತಿದ್ದಳು. ಹಲ್ಲು ಕಟ್ಟಿಸಿಕೊಂಡ ಮೇಲೆ ಒಂದು ದಿನ ತಾನೇ ಸ್ಟೂಲು ಹಾಕಿ ಪೆಟ್ಟಿಗೆ ಇಳಿಸಿದಳು. ಮೊದಲು ಬರೀ "ಫುಸ್" ಎಂದು ಗಾಳಿ. ತಿಂಗಳುಗಟ್ಟಲೆ ಗಾಳಿ. ತುಟಿ ಊದಿಕೊಳ್ಳುತ್ತಿತ್ತು. ಕಣ್ಣಲ್ಲಿ ನೀರಿಟ್ಟುಕೊಂಡೇ ಊದುತ್ತಿದ್ದಳು. ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ. ಕಡೆಗೊಂದು ದಿನ ಸ್ವರ ಮರಳಿ ಬಂತು, ಅವಳು ಮತ್ತೆ ಮೇಷ್ಟ್ರ ತಂಡಕ್ಕೆ ಹೋಗತೊಡಗಿದಳು.

ಇವತ್ತು ಬೆಳಗ್ಗೆ ಮೇಷ್ಟ್ರು, ಸೋಲೋ ಯಾರಿಗೆ ಎಂದು ನೋಡಲು ತಂಡದವರನ್ನು ಒಬ್ಬೊಬ್ಬರನ್ನಾಗಿ ನುಡಿಸಲು ಹೇಳಿದರಂತೆ. ಇವಳ ಸರದಿ ಮುಗಿದ ಮೇಲೆ ಸೋಲೋ ಇವಳಿಗೇ ಎಂದುಬಿಟ್ಟರಂತೆ. ಸಾಯಂಕಾಲ ಅಂಗಡಿಯಿಂದ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಅವರ ಮಾತನ್ನು ಒಪ್ಪಿಸಿದಳು. "ಮೊದ್ಲು ನೀನು ಉಸಿರು ಕಟ್ಕೊಂಡು ಓಡ್ತಿದ್ದೆ. ಈಗ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ತೀಯ. ಇದನ್ನ ಯಾರಮ್ಮ ಕಲ್ಸಿದ್ರು?" ಎಂದು ಕೇಳಿದರಂತೆ.

"ನೀನು ಏನಂದೆ?"

"ನಮ್ಮಜ್ಜಿ ಅಂದೆ. ನೀನು ಸಾಲಿನ ಮಧ್ಯ ನಿಲ್ಲಿಸ್ತೀಯಲ್ಲಜ್ಜಿ, 'ಮಡ್ಲು ತುಂಬಿತೇನೇ' ಅಂದು? ಮಾತು ಮನಸ್ಸಿಗೆ ಇಳೀಲಿ ಅಂತ ಅಲ್ವಾ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಯ್ಯೋ ನನ್ನ ಕಂದಾ, ಅದು ಎಲಡ್ಕೆ ಉಗಿಯಕ್ಕೆ ಕಣೇ!"

ಕಣ್ಣು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು. "ಮೇಷ್ಟ್ರಿಗೆ ಮಾತ್ರ ಏಳ್ಬೇಡ ಅಜ್ಜಿ, ನಿನ್ ಕಾಲಿಗ್ ಬೀಳ್ತೀನಿ!"

ಮಾದೇವ ಶಿಫ್ಟ್ ಬದಲಾಯಿಸಿಕೊಂಡು ನಾಟಿ ಕೋಳಿ ಹಿಡಿದು ಬಂದ. ಲತಾ ಖಾರ ರುಬ್ಬಿದಳು, ನಾನು ಮುದ್ದೆ ತೊಳಸಿದೆ. ಎಷ್ಟೋ ತಿಂಗಳ ಮೇಲೆ ನಾಲ್ಕೂ ಜನ ಒಟ್ಟಿಗೆ ನೆಲದ ಮೇಲೆ ಕೂತೆವು. ರಕ್ಷಿತಾ ತೊಡೆಯ ತುಂಡಿಗೆ ಕೈ ಹಾಕಿದಳೋ ಇಲ್ಲವೋ, ಲತಾ ಕಿರುಚಿದಳು:

"ಮೂಳೆ ಕಡೀಬ್ಯಾಡ ಕಣೇ! ಭಾನ್ವಾರ ಕಳೀಲಿ!"

"ಮುದ್ದೆ ನುಂಗು ಮಗ, ಅದನ್ನ ಕಚ್ಚಂಗೂ ಇಲ್ಲ, ಅಗಿಯಂಗೂ ಇಲ್ಲ" ಎಂದೆ ನಾನು.

ಮಾದೇವ ಅವಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಮೂಳೆಯಿಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿದ. ಒಂದೊಂದು ಎಳೆಯನ್ನೂ ಬೆರಳಲ್ಲಿ ಒತ್ತಿ, ಚೂರು ಮೂಳೆ ಉಳಿದಿಲ್ಲವೆಂದು ನೋಡಿ ತಟ್ಟೆಗಿಟ್ಟ.

"ಅಪ್ಪಾ, ನಾನೇನು ಮಗೂನಾ?"

ಅವನು ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ. "ಭಾನ್ವಾರ ನಾನೇ ಸ್ಕೂಟರ್‌ನಲ್ಲಿ ಕರ್ಕೊಂಡೋಗ್ತೀನಿ" ಎಂದ. ಅವಳ ಮುಖ ನೋಡಿ ಕೇಳಿದ. "ಕೂತ್ಕೊತೀಯೇನವ್ವ?"

ಬಾಯಿ ತುಂಬ ಮುದ್ದೆ ಇತ್ತು. ಹೂಂ ಎನ್ನುವಂತೆ ತಲೆ ಆಡಿಸಿದಳು. ಲತಾ ಎಲ್ಲರಿಗೂ ಇನ್ನೊಂದು ಸೌಟು ಸಾರು ಬಿಟ್ಟಳು.