ವಿಳಾಸದ ಪಕ್ಕದಲ್ಲಿ ಬರೆದದ್ದು

ಎಪ್ಪತ್ತರ ದಶಕದ ನಡುವೆ ನಾನು ಮಂಡ್ಯದಲ್ಲಿ ಪ್ರೊಬೇಷನ್ ಆಫೀಸರ್ ಆಗಿದ್ದೆ. ಮೊದಲ ಸಲ ತಪ್ಪು ಮಾಡಿದ ಕೆಲವರನ್ನು ಕೋರ್ಟು ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಿತ್ತು. ಅವರ ಮೇಲೆ ಕಣ್ಣಿಡುವುದು ನನ್ನ ಕೆಲಸ. ಮದ್ದೂರು, ಮಳವಳ್ಳಿ ಎಂದು ಬಸ್ಸಿನಲ್ಲಿ ಎಷ್ಟು ಅಲೆದರೂ ತಿಂಗಳೊಳಗೆ ಎಲ್ಲರ ಮನೆ ಮುಟ್ಟಲಾಗುತ್ತಿರಲಿಲ್ಲ.

ಆಫೀಸಿಗೆ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಬಂದಾಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಆಫೀಸಿನ ವಿಳಾಸವಿದ್ದ ಜವಾಬು ಕಾರ್ಡುಗಳ ಮೇಲೆ ಮೂರು ಪ್ರಶ್ನೆ ಅಚ್ಚು ಹಾಕಿಸಿದೆ: ಊರಲ್ಲೇ ಇದ್ದೀಯಾ, ಕೆಲಸ ಮಾಡುತ್ತಿದ್ದೀಯಾ, ಜಗಳವೇನಾದರೂ ಆಯಿತಾ. ತಿಂಗಳಿಗೊಮ್ಮೆ ಗುರುತು ಹಾಕಿ, ರುಜು ಮಾಡಿ ಅಂಚೆಗೆ ಹಾಕಿದರೆ ಸಾಕು. ಕಾರ್ಡು ಬಂದವರ ಹೆಸರಿಗೆ ಹಸಿರು ಕ್ಲಿಪ್ಪು, ಬಾರದವರಿಗೆ ಕೆಂಪು. ಒಂದೇ ಬೆಳಿಗ್ಗೆಗೆ ಇಡೀ ಜಿಲ್ಲೆ ಮುಗಿಯುತ್ತಿತ್ತು. ಮೇಲಧಿಕಾರಿ ಬೇರೆ ಜಿಲ್ಲೆಯವರನ್ನು ಕರೆಸಿ ತೋರಿಸಿದರು. ನಾನು ಬೀಗಿದೆ.

ಆತಗೂರು ಕಡೆಯ ರೈತನೊಬ್ಬನಿದ್ದ. ನಾಲೆ ನೀರಿನ ಜಗಳದಲ್ಲಿ ಪಕ್ಕದ ಗದ್ದೆಯವನಿಗೆ ಗುದ್ದಲಿ ಕಾವಿನಿಂದ ಹೊಡೆದಿದ್ದ. ಬಿಡುಗಡೆಯ ದಿನ ನಾನೇ ಗದರಿದ್ದೆ: “ನನ್ನ ಕೇಳ್ದೆ ತಾಲ್ಲೂಕು ದಾಟಿದ್ರೆ ನೇರ ಜೈಲು, ತಿಳ್ಕೊ.” ಅವನ ಕಾರ್ಡು ತಪ್ಪದೆ ಬರುತ್ತಿತ್ತು.

ಒಂದು ತಿಂಗಳು ಬರಲಿಲ್ಲ. ಎಚ್ಚರಿಕೆ ಕೊಟ್ಟು ಬರೋಣವೆಂದು ಹೊರಟೆ. ಜಗಲಿಯ ಮೇಲೆ ಅವನ ತಾಯಿ ಅವರೆಕಾಯಿ ಸುಲಿಯುತ್ತಿದ್ದಳು. ಮಗ ಎಲ್ಲಿ ಎಂದೆ.

“ಮಣ್ಣು ಮಾಡಿ ಇಪ್ಪತ್ತು ದಿನ ಆಯ್ತು ಸ್ವಾಮಿ.”

ಹೊಟ್ಟೆಯಲ್ಲಿ ಗಡ್ಡೆಯಂತೆ. ಮದ್ದೂರಿನ ಡಾಕ್ಟರು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗೆಂದಿದ್ದರು. ಕರೆದುಕೊಂಡು ಹೋಗಲಿಲ್ಲವೇ ಎಂದು ಕೇಳಿದೆ.

“ನಿಮ್ಮನ್ನ ಕೇಳಿ ಬರ್ಸಿದ್ವಲ್ಲ, ಮೇಷ್ಟ್ರ ಕೈಲಿ ಎಲ್ಡು ಸಲ. ಯಾರ್ ನೋಡ್ತಾರೆ, ಓಗ್ಲಾ ಮಗ ಅಂದೆ. ಅವ್ರು ಊಂ ಅನ್ನಗಂಟ ಊರು ಬುಡಕಿಲ್ಲ ಕಣವ್ವ, ರುಜು ಆಕಿವ್ನಿ ಅಂದ.”

ಅವಳು ದನಿ ಏರಿಸಲಿಲ್ಲ. ಬೆರಳುಗಳು ಸುಲಿಯುತ್ತಲೇ ಇದ್ದವು. ನಾನು ಎದ್ದು ಬಂದೆ.

ಆಫೀಸಿನಲ್ಲಿ ಅವನ ಕೊನೆಯ ಎರಡು ಕಾರ್ಡು ಹುಡುಕಿ ತೆಗೆದೆ. ಮೂರೂ ಗುರುತು ಸರಿಯಾಗಿದ್ದವು. ತಿರುಗಿಸಿದೆ. ನಮ್ಮ ವಿಳಾಸದ ಪಕ್ಕ ಪೆನ್ಸಿಲಿನಲ್ಲಿ ಬರೆದಿತ್ತು: ‘ಹೊಟ್ಟೆನೋವು ಜಾಸ್ತಿ. ಮೈಸೂರಿಗೆ ಹೋಗಲು ಅಪ್ಪಣೆ ಬೇಕು.’ ಎರಡನೆಯದರಲ್ಲಿ ‘ದಯಮಾಡಿ ಬೇಗ’ ಎಂದೂ ಇತ್ತು. ಪ್ರಶ್ನೆಗಳಿದ್ದ ಬದಿಯನ್ನಷ್ಟೇ ನೋಡಿ ಹಸಿರು ಕ್ಲಿಪ್ಪು ಸಿಕ್ಕಿಸಿದ್ದವನು ನಾನೇ. ಮೈಸೂರಿಗೆ ಹೋಗಿದ್ದರೆ ಉಳಿಯುತ್ತಿದ್ದನೇ ಎಂದು ಮದ್ದೂರಿನ ಡಾಕ್ಟರನ್ನು ಕೇಳಿದೆ. ಹೇಳಲಿಕ್ಕಾಗದು ಎಂದರು.

ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಮೇಲಧಿಕಾರಿ ಅದನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು. “ಕಾರ್ಡಿನ ವಿಷಯ ತೆಗೀರಿ. ಸತ್ತ, ಕೇಸು ಮುಗೀತು. ಅಷ್ಟು ಸಾಕು.” ನನಗೆ ಹೆಂಡತಿ, ಎರಡು ಮಕ್ಕಳು. ಹೊಸದಾಗಿ ಟೈಪು ಮಾಡಿಸಿ ರುಜು ಹಾಕಿದೆ.

ವಾರದ ನಂತರ ಮತ್ತೆ ಆ ಊರಿಗೆ ಹೋದೆ. “ಅಪ್ಪಣೆ ಕೊಡಬಾರದು ಅಂತ ಸುಮ್ಮನಿದ್ದದ್ದಲ್ಲ ಕಣಮ್ಮ. ನಾನು ಅದನ್ನ ಓದಲೇ ಇಲ್ಲ,” ಎಂದೆ.

ಅವಳು ನನ್ನ ಮುಖ ನೋಡಿದಳು. “ಓದ್ನೇ ಇಲ್ವಾ,” ಎಂದಳು. ಆಮೇಲೆ ಒಳಗೆ ಹೋಗಿ ಕದ ಹಾಕಿಕೊಂಡಳು.