ಮೂರನೆಯ ಹೆಸರು

ನಿನ್ನೆ ಸಂಜೆ ಸೊಳ್ಳೆ ಓಡಿಸಲೆಂದು ಸೊಸೆ ಒಣ ಬೇವಿನ ಸೊಪ್ಪಿಗೆ ಬೆಂಕಿ ಹಾಕಿದಳು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಹೆಗಲ ಟವಲಿನಿಂದ ಮೂಗು ಮುಚ್ಚಿಕೊಂಡೆ. ಮೂವತ್ತರ ದಶಕದ ಕೊನೆಯಲ್ಲಿ, ಚನ್ನರಾಯಪಟ್ಟಣದ ಹೊರಗಿನ ಪ್ಲೇಗಿನ ಗುಡಿಸಲುಗಳ ಸುತ್ತ ಇದೇ ಹೊಗೆ...

ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಊರಿಗೆ ಊರೇ ಬೀಗ ಹಾಕಿ ಬಯಲಿಗೆ ಬರುತ್ತಿದ್ದ ಕಾಲ. ನಮ್ಮ ಪಕ್ಕದ ಗುಡಿಸಲಲ್ಲಿ ಒಬ್ಬ ದರ್ಜಿ ಇದ್ದ. ಶಿವಭಕ್ತರ ಮನೆಯವನು, ಹೆಂಡತಿಯನ್ನೂ ಮಗುವನ್ನೂ ಹಿಂದಿನ ಸಲದ ಪ್ಲೇಗಿನಲ್ಲಿ ಕಳೆದುಕೊಂಡಿದ್ದ. ನಾವು ಕ್ರೈಸ್ತರು. ನಮ್ಮ ಸಂಜೆಯ ಜಪ ಕೇಳಿ ಕೇಳಿ, ತಾನೂ ನಮ್ಮ ಮತಕ್ಕೆ ಸೇರುತ್ತೇನೆ ಎನ್ನುತ್ತಿದ್ದ. ಹೈಸ್ಕೂಲು ಮುಗಿಸಿದ್ದ ನಾನೇ ಅವನಿಗೆ ಉಪದೇಶ ಹೇಳಿಕೊಡುತ್ತಿದ್ದೆ.

"ಒಬ್ನೇ ದೇವ್ರು ಅಂತೀಯ, ಮೂರು ಎಸ್ರು ಏಳ್ತೀಯ. ಒಂದಂಗಿಗೆ ಮೂರು ಜನ ದರ್ಜಿಗಳೇನ್ಲಾ?" ಎಂದು ನಗುತ್ತಿದ್ದ.

"ಅಂಗಲ್ಲ ಕಣಣ್ಣ. ತಂದೆ ನಮ್ಮನ್ನ ಉಳಿಸೋಕೆ ಮಗನ್ನ ಕಳಿಸ್ದ. ಮಗ ನಮಗೋಸ್ಕರ ಪ್ರಾಣ ಕೊಟ್ಟ. ಪವಿತ್ರಾತ್ಮ ನಮ್ಮೊಳಗೆ ಬಂದು ಇರ್ತಾನೆ, ಬಿಟ್ಟೋಗಲ್ಲ. ಮೂವರೂ ಒಬ್ನೇ ದೇವ್ರು."

ಅವನು ಸೂಜಿ ನಿಲ್ಲಿಸಿ, "ಅಂಗಾದ್ರೆ ನಂಗೆ ಬೇಕಾದೋನು ಆ ಮೂರನೆಯೋನೇ ಕಣ್ಲಾ. ಬಿಟ್ಟೋಗದೋನು," ಎಂದ.

ಜ್ಞಾನಸ್ನಾನ ಕೊಟ್ಟು ಅವನನ್ನು ಕ್ರೈಸ್ತನಾಗಿಸಲು ಹಾಸನದಿಂದ ಚರ್ಚಿನ ಸ್ವಾಮಿಗಳು ಬರಬೇಕಿತ್ತು. ಅಷ್ಟರಲ್ಲಿ ಅವನಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಸಾಯುವವನಿಗಾದರೆ ಯಾರು ಬೇಕಾದರೂ ತಲೆಗೆ ನೀರು ಹೊಯ್ದು, ಮೂರು ಹೆಸರು ಹೇಳಿ ಜ್ಞಾನಸ್ನಾನ ಕೊಡಬಹುದು. ಅದನ್ನೂ ನಾನೇ ಅವನಿಗೆ ಹೇಳಿದ್ದೆ. ಒಂದು ಮಧ್ಯಾಹ್ನ ಕೂಗಿದ: "ಬಾರ್ಲಾ... ನೀರು ಉಯ್ಯಿ."

ಮೂಗಿಗೆ ಟವಲು ಕಟ್ಟಿಕೊಂಡು, ಚೊಂಬು ಹಿಡಿದು ಹೋದೆ. "ಪಿತನ..." ಎಂದು ನೀರು ಹೊಯ್ದೆ. "ಸುತನ..." ಎಂದೆ. ಆಗ ಅವನು ಕಣ್ಣು ತೆರೆದು ನನ್ನ ಮಣಿಕಟ್ಟು ಹಿಡಿದ. ಕೆಂಡದಂಥ ಕೈ. ಕೊಸರಿಕೊಂಡು ಓಡಿದೆ. ಚೊಂಬು ಅಲ್ಲೇ ಉರುಳಿತು. ಮೂರನೆಯ ಹೆಸರು ನನ್ನ ಬಾಯಿಂದ ಹೊರಟದ್ದು ಬಯಲಿನಾಚೆ, ಯಾರೂ ಇಲ್ಲದ ಹೊಂಗೆ ಮರದ ಕೆಳಗೆ. ಮತ್ತೆ ಒಳಗೆ ಹೋಗುವ ಧೈರ್ಯ ಬರಲಿಲ್ಲ... ಸಂಜೆಗೆ ಅವನು ಇರಲಿಲ್ಲ.

ನನಗೂ ಗಡ್ಡೆ ಎದ್ದೀತೆಂದು ಎಷ್ಟೋ ದಿನ ಕಂಕುಳು ಮುಟ್ಟಿ ಮುಟ್ಟಿ ನೋಡಿಕೊಂಡೆ. ಆ ಭಯ ಹೋಯಿತು, ಇನ್ನೊಂದು ಬಂದು ಕೂತಿತು. ಮೂರು ಹೆಸರೂ ಆಗದೆ ಜ್ಞಾನಸ್ನಾನ ಪೂರ್ತಿಯಾಗಲಿಲ್ಲ; ನನ್ನಿಂದಾಗಿ ಅವನ ಆತ್ಮ ಸ್ವರ್ಗದ ಬಾಗಿಲ ಹೊರಗೇ ನಿಂತಿತೇ? ಸ್ವಾಮಿಗಳ ಹತ್ತಿರ ಪಾಪನಿವೇದನೆ ಮಾಡಿದೆ. "ಅವನ ಆಸೆ ದೇವರಿಗೆ ಗೊತ್ತು. ನಿನ್ನ ನಾಲಿಗೆ ನಿಂತ ಕಡೆ ಆತ ನಿಲ್ಲುವುದಿಲ್ಲ," ಎಂದರು. ನಂಬುತ್ತೇನೆ. ಆದರೂ, ಬಿಟ್ಟು ಹೋಗದವನ ಹೆಸರು ಹೇಳುವ ಹೊತ್ತಿಗೇ ನಾನು ಬಿಟ್ಟು ಓಡಿದೆನಲ್ಲ...

ಹೊಗೆ ಕರಗಿದ ಮೇಲೆ ಸೊಸೆ ಜಪಕ್ಕೆ ಕರೆದಳು. ಶಿಲುಬೆಯ ಗುರುತು ಹಾಕಿದೆ. ಹಣೆ, ಎದೆ; ಎರಡು ಹೆಸರೂ ಬಂದವು. ಮೂರನೆಯದಕ್ಕೆ ಕೈ ಭುಜಕ್ಕೆ ಹೋಗುವ ಮುನ್ನ, ಮಣಿಕಟ್ಟಿನ ಮೇಲೆ ಅವನ ಕೈಯ ಆ ಬಿಸಿ. ಈಗಾದರೆ ಕೊಸರಿಕೊಳ್ಳುವುದಿಲ್ಲ. ಹಿಡಿಯುವ ಕೈಯೇ ಇಲ್ಲ.